ಹನ್ನೊಂದನೇ ಪ್ರಶ್ನೆಯ ‘ಹೋಮ್’

ನಮ್ಮವರು ತೀರಿಕೊಂಡ ಹದಿನೇಳನೇ ದಿನ ನಾನು ಶಾಲೆಗೆ ಹೋದೆ. ಹೋಗಬೇಕು ಅಂತ ಅನಿಸಿರಲಿಲ್ಲ, ಬೇಡ ಅಂತಲೂ ಅನಿಸಿರಲಿಲ್ಲ. ರಜೆ ಮುಗಿದಿತ್ತು. ದಾಂಡೇಲಿ ಸ್ಟ್ಯಾಂಡಿನಲ್ಲಿ ಜೊಯಿಡಾ ಬಸ್ಸು ಎಂದಿನ ಜಾಗದಲ್ಲಿ ನಿಂತಿತ್ತು. ಹತ್ತಿ ಕಿಟಕಿ ಪಕ್ಕ ಕೂತೆ. ದಿನಾ ಏನಾದರೊಂದು ಮಾತಾಡಿಸುತ್ತಿದ್ದ ಕಂಡಕ್ಟರು ಅವತ್ತು ನನ್ನ ಪಾಸನ್ನೂ ನೋಡದೆ ಮುಂದೆ ಹೋದ.

ನಮ್ಮವರು ದಾಂಡೇಲಿಯ ಕಾಗದದ ಮಿಲ್ಲಿನಲ್ಲಿ ಫಿಟ್ಟರಾಗಿದ್ದರು. ಆ ದಿನ ಮುಂಜಾನೆ ಬೂಟು ಹಾಕಿಕೊಳ್ಳುತ್ತ “ಎದಿ ಯಾಕೋ ಉರಿಯಾಕತ್ತೈತಿ, ನಿನ್ನೆ ಮಿರ್ಚಿ ತಿಂದದ್ದು” ಅಂದರು. ನಾನು ಡಬ್ಬಿ ಕಟ್ಟುತ್ತಿದ್ದೆ. ಒಂದು ಅಸಿಡಿಟಿ ಗುಳಿಗೆ ಕೊಟ್ಟೆ. ಹತ್ತು ಗಂಟೆಗೆ ಮಿಲ್ಲಿನಿಂದ ಶಾಲೆಗೆ ಫೋನು ಬಂತು, ಧಾರವಾಡಕ್ಕೆ ಒಯ್ಯುತ್ತಿದ್ದೇವೆ ಅಂದರು. ನಾನು ಎರಡು ಬಸ್ಸು ಬದಲಿಸಿ ಹಳಿಯಾಳ ಮುಟ್ಟುವಷ್ಟರಲ್ಲಿ ಅಂಬುಲೆನ್ಸು ಧಾರವಾಡಕ್ಕೆ ಹೋಗದೆ ತಿರುಗಿ ಬರುತ್ತಿತ್ತು.

ಮುಂದಿನದೆಲ್ಲ ಮುಂಡಗೋಡ ತಾಲೂಕಿನ ಇಂದೂರದಲ್ಲಿ, ಅವರ ಊರಿನಲ್ಲಿ ಆಯಿತು. ನಾನು ಅಳಲಿಲ್ಲ. ಬಂದವರೆಲ್ಲ ಕಾಯುತ್ತಿದ್ದರು. ಮೈದುನನ ಹೆಂಡತಿ ನನ್ನ ಭುಜ ಅಲುಗಾಡಿಸಿ “ಅತ್ತುಬಿಡ್ರಿ ಅಕ್ಕಾ, ಹಗುರಾಗ್ತೈತಿ” ಅಂದಳು. ಅಳಲು ನೋಡಿದೆ. ಗಂಟಲಿನವರೆಗೂ ಏನೂ ಬರಲಿಲ್ಲ. ದಿನಕರ್ಮ ಮುಗಿದ ಮೇಲೆ ಮೈದುನ “ಇಲ್ಲೇ ಇದ್ದುಬಿಡ್ರಿ ವೈನಿ, ಮಕ್ಕಳಿಲ್ಲ ಮರಿಯಿಲ್ಲ, ಅಲ್ಲಿ ಒಬ್ಬರ ಏನ್ ಮಾಡ್ತೀರಿ” ಅಂದ. “ಶಾಲಿ ಐತಿ” ಅಂದೆ.

ನನ್ನ ಶಾಲೆ ಜೊಯಿಡಾದಿಂದ ಇನ್ನೂ ಸ್ವಲ್ಪ ಮುಂದೆ, ಎಂಟನೇ ತರಗತಿವರೆಗೆ ಇರುವ ಸರ್ಕಾರಿ ಶಾಲೆ. ಮಕ್ಕಳೆಲ್ಲ ಮನೆಯಲ್ಲಿ ಕೊಂಕಣಿ ಮಾತಾಡುವವರು, ಕನ್ನಡ ಶಾಲೆಗೆ ಬಂದು ಕಲಿತವರು. ಇಂಗ್ಲಿಷು ಅವರಿಗೆ ಮೂರನೆಯದು. ನಾನು ಕಲಿಸುವುದು ಇಂಗ್ಲಿಷು. ಎಂಟನೇ ತರಗತಿಯಲ್ಲಿ ಆ ವರ್ಷ ಹತ್ತೊಂಬತ್ತು ಮಕ್ಕಳಿದ್ದರು.

ಅರ್ಧವಾರ್ಷಿಕ ಪರೀಕ್ಷೆಗೆ ಅಕ್ಕಪಕ್ಕದ ಏಳು ಶಾಲೆಯ ಶಿಕ್ಷಕರು ನಮ್ಮನಮ್ಮಲ್ಲೇ ಮಾತಾಡಿಕೊಂಡು ಒಂದೇ ಪ್ರಶ್ನೆಪತ್ರಿಕೆ ಮಾಡುತ್ತಿದ್ದೆವು. ಆ ವರ್ಷ ಇಂಗ್ಲಿಷು ನನ್ನ ಪಾಳಿ. ಪ್ರಶ್ನೆಗಳನ್ನು ನಮ್ಮವರು ಇದ್ದಾಗಲೇ, ಮಳೆ ಹಿಡಿದ ಒಂದು ರವಿವಾರ ತೆಗೆದಿದ್ದೆ. ಅವರು ಎದುರಿಗೆ ಕೂತು ಶೇಂಗಾ ಸುಲಿಯುತ್ತಿದ್ದರು.

“ಈ ಸಲ ಎಂಥಾ ಹಲ್ಕಟ್ ಪ್ರಶ್ನಿ ತಗದಿ?” ಅಂತ ಕೇಳಿದರು.

“ಹನ್ನೊಂದನೇದು ನೋಡ್ರಿ. ‘ಶೀ ವೆಂಟ್ ಹೋಮ್’ ಅಂತ ಕೊಟ್ಟೇನಿ. ಇದರಾಗ ‘ಹೋಮ್’ ಅನ್ನೂದು ಯಾವ ಪಾರ್ಟ್ ಆಫ್ ಸ್ಪೀಚ್ ಅಂತ ಹೇಳಬೇಕು.”

“ಹೋಮ್ ಅಂದ್ರ ಮನಿ. ಮನಿ ಅಂದ್ರ ನಾಮಪದ. ಇದರಾಗೇನೈತಿ?”

ನಾನು ನಕ್ಕೆ. “ಎಲ್ಲಾರೂ ಹಿಂಗ ಬೀಳ್ತಾರ. ನಾವು ಕನ್ನಡದಾಗ ‘ಮನಿಗೆ ಹೋದಳು’ ಅಂತೇವಿ, ಹೌದಿಲ್ಲೋ? ಆ ‘ಗೆ’ ಇಂಗ್ಲಿಷಿನಾಗ ಎಲ್ಲೈತಿ ಹೇಳ್ರಿ. ಶಾಲಿಗೆ ಹೋದಳು ಅನ್ನಾಕ ‘ಟು ಸ್ಕೂಲ್’ ಅಂತ ‘ಟು’ ಹಚ್ಚಬೇಕು. ಮನಿಗೆ ಹೋದಳು ಅನ್ನಾಕ ‘ಟು’ ಹಚ್ಚೂ ಹಂಗಿಲ್ಲ. ‘ಹೋಮ್’ ಒಳಗ ಆ ‘ಗೆ’ ಸೇರಿಕೊಂಡು ಬಿಟ್ಟೈತಿ. ಎಲ್ಲಿಗೆ ಹೋದಳು ಅಂತ ಹೇಳ್ತೈತಿ ಅದು. ಅದಕ್ಕ ಇಲ್ಲಿ ಅಡ್ವರ್ಬ್ ಆಗ್ತೈತಿ, ಕ್ರಿಯಾವಿಶೇಷಣ.”

ಅವರು ಒಂದು ಶೇಂಗಾ ಬಾಯಿಗೆ ಹಾಕಿಕೊಂಡು “ನೀವು ಇಂಗ್ಲಿಷ್ ಮಾಸ್ತರರು ಸುಮ್ಮ ಸುಮ್ಮನ ಮಕ್ಕಳನ್ನ ಕಾಡ್ತೀರಿ. ಮನಿ ಅಂದ್ರ ಮನಿ, ಮುಗೀತು” ಅಂದರು.

ಪರೀಕ್ಷೆಗೆ ನಾಲ್ಕು ದಿನ ಇದ್ದಾಗ ಶಿಕ್ಷಕರ ವಾಟ್ಸಾಪ್ ಗ್ರೂಪಿನಲ್ಲಿ ಒಬ್ಬರು “ಟೀಚರ್, ಸಾಧ್ಯ ಆದರ ಉತ್ತರದ ಕೀ ಕಳಸ್ರಿ, ಅವಸರ ಇಲ್ಲ” ಅಂತ ಬರೆದಿದ್ದರು. ನಾನು ಸ್ಟಾಫ್ ರೂಮಿನಲ್ಲಿ ಕೂತು ಬರೆದು, ಫೋಟೋ ತೆಗೆದು ಕಳಿಸಿದೆ. ಬರೆದದ್ದು ನೆನಪಿಲ್ಲ. ಆ ದಿನಗಳಲ್ಲಿ ಯಾವುದೂ ನೆನಪಿನಲ್ಲಿ ಉಳಿಯುತ್ತಿರಲಿಲ್ಲ. ಬಸ್ಸು ಹತ್ತಿದ್ದು ಗೊತ್ತಾಗುತ್ತಿತ್ತು, ನಡುವೆ ಸೂಪಾ ಅಣೆಕಟ್ಟಿನ ಹಿನ್ನೀರು ಬಂದು ಹೋದದ್ದು ಗೊತ್ತಾಗುತ್ತಿರಲಿಲ್ಲ. ಊಟದಲ್ಲಿ ಉಪ್ಪಿದೆಯೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ. ಗೋಡೆಗೆ ಗೋಡೆ ಹತ್ತಿದ ಮನೆಯ ಲಾರಿ ಮೆಕ್ಯಾನಿಕ್ಕಿನ ಹೆಂಡತಿ, ನಾನು ಆಪಾ ಅಂತ ಕರೆಯುವ ಅಕ್ಕ, ದಿನಾ ಒಂದು ಬಟ್ಟಲು ಏನಾದರೂ ತಂದು ಕೊಡುತ್ತಿದ್ದರು. ಬಟ್ಟಲು ತೊಳೆದು ವಾಪಸು ಕೊಡುವುದೊಂದು ನನಗೆ ನೆನಪಿರುತ್ತಿತ್ತು.

ಉತ್ತರಪತ್ರಿಕೆಗಳನ್ನು ಆ ಕೀ ಇಟ್ಟುಕೊಂಡೇ ತಿದ್ದಿದೆ. ಹನ್ನೊಂದನೇದಕ್ಕೆ ಕೀಯಲ್ಲಿ ‘ನೌನ್’ ಅಂತ ನನ್ನದೇ ಅಕ್ಷರದಲ್ಲಿ ಇತ್ತು. ಹದಿನಾರು ಮಕ್ಕಳು ನೌನ್ ಬರೆದಿದ್ದರು, ಸರಿ ಹಾಕಿದೆ. ಇಬ್ಬರು ಖಾಲಿ ಬಿಟ್ಟಿದ್ದರು. ಒಬ್ಬಳು ಅಡ್ವರ್ಬ್ ಅಂತ ಬರೆದಿದ್ದಳು. ಅದರ ಮೇಲೆ ತಪ್ಪಿನ ಗುರುತು ಹಾಕಿ ಮುಂದಿನ ಪುಟಕ್ಕೆ ಹೋದೆ. ಕೈ ತಡೆಯಲಿಲ್ಲ.

ಆ ಒಬ್ಬಳು ಅರ್ಧ ತಾಸು ಕಾಡಿನ ದಾರಿ ನಡೆದು ಬರುವ ಹುಡುಗಿ. ಎರಡು ಜಡೆ, ಅಂಚು ಸವೆದ ಚಪ್ಪಲಿ. ಮಾತು ಕಡಿಮೆ. ಕೇಳಿದರೆ ಮಾತ್ರ ಕೇಳಿದಷ್ಟಕ್ಕೇ ಬಿಡುವವಳಲ್ಲ. ಜೂನ್‌ನಲ್ಲಿ ನಾನು ಅಡ್ವರ್ಬ್ ಪಾಠ ಮಾಡುವಾಗ ‘ಹಿಯರ್’, ‘ದೇರ್’ ಜೊತೆಗೆ ಈ ‘ಹೋಮ್’ ಕೂಡ ಹೇಳಿದ್ದೆನಂತೆ. ಉಳಿದವರು ಮರೆತಿದ್ದರು, ಇವಳು ಬರೆದುಕೊಂಡಿದ್ದಳು.

ಪತ್ರಿಕೆ ಹಂಚಿದ ದಿನ ಅವಳು ನನ್ನ ಮೇಜಿನ ಹತ್ತಿರ ಬಂದು ನಿಂತಳು.

“ಟೀಚರ್, ಹನ್ನೊಂದನೇದು.”

“ಏನದು?”

“ನಾ ಅಡ್ವರ್ಬ್ ಬರದೇನ್ರಿ. ತಪ್ಪ ಹಾಕೀರಿ.”

“ಕೀಯೊಳಗ ನೌನ್ ಐತಿ” ಅಂದೆ.

“ಕೀ ಯಾರು ಬರದಾರ್ರಿ?”

“ನಾನ ಬರದೇನಿ.”

ಅವಳು ಪತ್ರಿಕೆಯನ್ನು ಒಮ್ಮೆ ನೋಡಿದಳು. ಆಮೇಲೆ “ಹಂಗಾರ ಅದ ಸರಿ ಇರಬೇಕ್ರಿ” ಅಂದು ಹೋಗಿ ಕೂತಳು. ನಾನು ಮುಂದಿನವರ ಹೆಸರು ಕರೆದೆ.

ದಸರಾ ರಜೆ ಬಂತು, ಹೋಯಿತು. ಗದ್ದೆಗಳಲ್ಲಿ ಭತ್ತದ ಕೊಯ್ಲು ಶುರುವಾಗಿದ್ದ ಹೊತ್ತಿಗೆ ಒಂದು ಮಧ್ಯಾಹ್ನ, ಹತ್ತು ದಿನದಿಂದ ಮೇಜಿನ ಮೇಲೆ ಬಿದ್ದಿದ್ದ ನೋಟ್‌ಬುಕ್ಕು ತಿದ್ದಲು ಕೂತಿದ್ದೆ. ಅವಳ ನೋಟ್‌ಬುಕ್ಕು ನಡುವೆ ಇತ್ತು. ಸಹಿ ಹಾಕುತ್ತ ಪುಟ ತಿರುವುತ್ತಿದ್ದವಳು ಯಾವಾಗಲೋ ಹಿಂದಿನ ಪುಟಗಳಿಗೆ ಹೋಗಿಬಿಟ್ಟೆ. ಜೂನ್ ತಿಂಗಳ ಪಾಠ ಸಿಕ್ಕಿತು. ‘ಶೀ ವೆಂಟ್ ಹೋಮ್’ ಅಂತ ಇತ್ತು, ಅದರ ಎದುರಿಗೆ ಅಡ್ವರ್ಬ್ ಅಂತ ಇದ್ದದ್ದನ್ನು ಸ್ಕೇಲು ಇಟ್ಟು ಒಂದು ಗೆರೆ ಹೊಡೆದು, ಮೇಲೆ ‘ನೌನ್’ ಅಂತ ಬರೆದಿದ್ದಳು. ಅಷ್ಟಕ್ಕೇ ನಿಂತಿರಲಿಲ್ಲ. ಅದರ ಕೆಳಗಿನ ‘ಕಮ್ ಹಿಯರ್’ನ ‘ಹಿಯರ್’ ಕೂಡ ನೌನ್ ಆಗಿತ್ತು. ‘ಗೋ ದೇರ್’ನ ‘ದೇರ್’, ‘ಹೀ ರ‍್ಯಾನ್ ಔಟ್‌ಸೈಡ್’ನ ‘ಔಟ್‌ಸೈಡ್’, ಎಲ್ಲವನ್ನೂ ಅದೇ ಸ್ಕೇಲಿನ ಗೆರೆ ಹೊಡೆದು ತಿದ್ದಿದ್ದಳು. ‘ಎಲ್ಲಿಗೆ’ ಅನ್ನುವುದಕ್ಕೆ ಉತ್ತರವಾಗಿ ಬರುವ ಶಬ್ದ ಅಡ್ವರ್ಬ್ ಅಂತ ನಾನೇ ಕಲಿಸಿದ್ದೆ. ‘ಹೋಮ್’ ಹಾಗಲ್ಲ ಅಂದಮೇಲೆ ಉಳಿದವೂ ಹಾಗಲ್ಲ ಅಂತ ಲೆಕ್ಕ ಹಾಕಿದ್ದಳು. ತಪ್ಪು ನನ್ನದಾದರೂ ತರ್ಕ ಅವಳದು ಸರಿಯಾಗಿತ್ತು.

ಇನ್ನೂ ಒಂದು ನೋಡಿದೆ. ಹಾಗೆ ತಿದ್ದಿದ ಪುಟದ ಕೆಳಗೆ, ಜೂನ್‌ನ ಸಹಿಯ ಪಕ್ಕದಲ್ಲೇ, ಕೆಂಪು ಮಸಿಯಲ್ಲಿ ನನ್ನ ಇನ್ನೊಂದು ಸಹಿ ಇತ್ತು. ಯಾವತ್ತೋ ನೋಡಿದ್ದೆ. ನೋಡಿ, ಸರಿ ಅಂತ ಸಹಿ ಹಾಕಿ ಕೊಟ್ಟಿದ್ದೆ.

ಪೆನ್ನು ಕೆಳಗಿಟ್ಟೆ. ದುಃಖ ಆಯಿತು ಅಂತ ಹೇಳಿದರೆ ಸುಳ್ಳಾಗುತ್ತದೆ. ಕಾಲಿಗೆ ಜೋಮು ಹಿಡಿದಾಗ ಮೇಲಿಂದ ಒತ್ತಿದರೆ ಎಲ್ಲೋ ಒಳಗೆ ಒತ್ತಿದ್ದು ಗೊತ್ತಾಗುತ್ತದಲ್ಲ, ಅಷ್ಟು ಆಯಿತು. ಎದ್ದು ತರಗತಿಗೆ ಹೋದೆ. ಅವಳ ಜಾಗ ಖಾಲಿ ಇತ್ತು.

“ಒಂದ ವಾರ ಆತ್ರಿ ಟೀಚರ್, ಬಂದಿಲ್ಲ” ಅಂತ ಪಕ್ಕದ ಹುಡುಗಿ ಹೇಳಿದಳು. ಒಂದು ವಾರದಿಂದ ನಾನೇ ಹಾಜರಿ ತೆಗೆದುಕೊಳ್ಳುತ್ತಿದ್ದೆ.

ಶನಿವಾರ ಮುಂಜಾನೆಯ ಶಾಲೆ. ಹನ್ನೊಂದೂವರೆಗೆ ಬಿಟ್ಟ ಮೇಲೆ ಅವಳ ಊರಿನ ಇನ್ನಿಬ್ಬರು ಹುಡುಗಿಯರ ಜೊತೆ ನಡೆದೆ. ದಾರಿಯುದ್ದಕ್ಕೂ ಅವರು ಕೊಂಕಣಿಯಲ್ಲಿ ಏನೋ ಪಿಸುಗುಟ್ಟುತ್ತಿದ್ದರು. ನನ್ನ ತಲೆಯಲ್ಲಿ ಒಂದೇ ಇತ್ತು. ಆ ಒಂದು ಮಾರ್ಕಿಗೆ ಮನಸ್ಸು ಮುರಿದುಕೊಂಡು ಹುಡುಗಿ ಶಾಲೆ ಬಿಟ್ಟಿದ್ದಾಳೆ ಅಂತ.

ಹಾಗೇನೂ ಆಗಿರಲಿಲ್ಲ. ಅವಳ ತಾಯಿ ಕೊಯ್ಲಿನ ಗದ್ದೆಯ ಬದುವಿನಿಂದ ಜಾರಿ ಬಿದ್ದು ಕಾಲಿನ ಹರಡು ಮುರಿದುಕೊಂಡಿದ್ದರು. ಜೊಯಿಡಾದ ಆಸ್ಪತ್ರೆಯಲ್ಲಿ ಪ್ಲಾಸ್ಟರು ಹಾಕಿ ಕಳಿಸಿದ್ದರು. ತಂದೆ ಗೋವಾದಲ್ಲಿ ಕೆಲಸಕ್ಕಿದ್ದರು, ಬರಲು ರಜೆ ಸಿಕ್ಕಿರಲಿಲ್ಲ. ಅಡಿಗೆ, ನೀರು, ಎರಡು ಆಕಳು, ಎಲ್ಲ ಈ ಹುಡುಗಿಯ ಮೇಲೆ ಬಿದ್ದಿತ್ತು. ನಾನು ಹೋದಾಗ ಅವಳು ಅಂಗಳದಲ್ಲಿ ಕೂತು ಗೆಡ್ಡೆ ತೊಳೆಯುತ್ತಿದ್ದಳು. ಕೈಯೆಲ್ಲ ಕೆಂಪು ಮಣ್ಣು. ನನ್ನನ್ನು ನೋಡಿ ಎದ್ದು ನಿಂತಳು, ಕೈ ಎಲ್ಲಿಡಬೇಕು ಅಂತ ತಿಳಿಯದೆ ಹಿಂದೆ ಕಟ್ಟಿಕೊಂಡಳು.

ತಾಯಿ ಜಗಲಿಯ ಮೇಲೆ ಕಾಲು ಚಾಚಿ ಕೂತಿದ್ದರು. “ಬಾಯಿ, ಬಸಾ” ಅಂತ ಕೊಂಕಣಿಯಲ್ಲೇ ಕೂರಲು ಹೇಳಿ ಚಾಪೆ ಸರಿಸಿದರು. ಅವರಿಗೆ ಕನ್ನಡ ಅಷ್ಟಾಗಿ ಬರುತ್ತಿರಲಿಲ್ಲ. ಮಗಳು ಬೇಯಿಸಿದ ಗೆಡ್ಡೆ, ಹಸಿಮೆಣಸಿನ ಚಟ್ನಿ, ಕರಿ ಚಹಾ ತಂದಿಟ್ಟಳು. ತಿಂದೆ. ಛಲೋ ಐತಿ ಅಂದೆ. ರುಚಿ ಗೊತ್ತಾಗಲಿಲ್ಲ.

“ಹನ್ನೊಂದನೇ ಪ್ರಶ್ನಿ ನೆನಪೈತೇನು?” ಅಂತ ಅವಳನ್ನು ಕೇಳಿದೆ.

“ಐತ್ರಿ.”

“ನೀ ಬರದದ್ದು ಸರಿ ಇತ್ತು. ಕೀ ತಪ್ಪಿತ್ತು. ನಾನ ತಪ್ಪು ಬರದಿದ್ದೆ.”

ಅವಳಿಗೆ ಖುಷಿ ಆಗುತ್ತದೆ ಅಂದುಕೊಂಡಿದ್ದೆ. ಹುಬ್ಬು ಗಂಟು ಹಾಕಿದಳು.

“ನಿಮಗ ಅದು ಅಡ್ವರ್ಬ್ ಅಂತ ಯಾವಾಗ ಗೊತ್ತಾತ್ರಿ?”

“ಮೊದಲಿಂದ ಗೊತ್ತಿತ್ತು. ನಿಮಗ ಕಲಿಸಿದಾಕಿ ನಾನಲ್ಲೇನು?”

“ಗೊತ್ತಿದ್ದೂ ಮತ್ಯಾಕ ನೌನ್ ಅಂತ ಬರದ್ರಿ?”

ಉತ್ತರ ಹುಡುಕಿದೆ. ಆಗ, ಆ ಜಗಲಿಯ ಮೇಲೆ, ಕೈಯಲ್ಲಿ ಚಹಾದ ಲೋಟ ಹಿಡಿದು ಕೂತಾಗ ನನಗೆ ಹೊಳೆಯಿತು. ನೌನ್ ಅನ್ನುವುದು ನಮ್ಮವರು ಕೊಟ್ಟ ಉತ್ತರ. ಮನಿ ಅಂದ್ರ ನಾಮಪದ, ಇದರಾಗೇನೈತಿ ಅಂತ ಅಂದಿದ್ದರು. ಕೀ ಬರೆಯುವಾಗ ಅದು ನೆನಪಾಗಿ ಬರೆದೆನೋ, ಕೈ ತಾನೇ ಬರೆಯಿತೋ, ಇವತ್ತಿಗೂ ಹೇಳಲಾರೆ.

ಇದನ್ನು ಮಗುವಿಗೆ ಹೇಳಲಿಲ್ಲ. “ಆವಾಗ ನನ್ನ ತಲಿ ನೆಟ್ಟಗ ಇರಲಿಲ್ಲ” ಅಂದೆ.

“ನಿಮ್ಮ ಮನ್ಯಾಗಿನ ಸರ್ ತೀರಿಕೊಂಡಿದ್ರಲ್ಲರಿ, ಅದಕ್ಕೇನ್ರಿ?”

“ಹೂಂ” ಅಂದೆ. ಆವರೆಗೆ ಯಾರೂ ನನ್ನನ್ನು ಹಾಗೆ ನೇರ ಕೇಳಿರಲಿಲ್ಲ.

ಅವಳು ತಾಯಿಗೆ ಕೊಂಕಣಿಯಲ್ಲಿ ವಿಷಯ ಹೇಳಿದಳು. ತಾಯಿ ನನ್ನ ಕಡೆ ನೋಡಿದರು. ಅಯ್ಯೋ ಪಾಪ ಅನ್ನಲಿಲ್ಲ. ತಟ್ಟೆಗೆ ಇನ್ನೆರಡು ಹೋಳು ಗೆಡ್ಡೆ ಹಾಕಿದರು, ನಾನು ತಿನ್ನುವವರೆಗೂ ನೋಡುತ್ತ ಕೂತರು.

ಹೊರಡುವಾಗ “ಸೋಮವಾರ ನಿನ್ನ ಮಾರ್ಕ್ಸ್ ಹಾಕ್ತೇನಿ” ಅಂದೆ.

“ಮತ್ತ ನೌನ್ ಬರದವರದು?”

“ಅವರದು ಇರಲಿ ಬಿಡು, ಪಾಪ. ಅವರೇನ ಮಾಡ್ಯಾರ?”

“ಎರಡೂ ಸರಿ ಅಂತ ಮಾಡಬ್ಯಾಡ್ರಿ ಟೀಚರ್” ಅಂದಳು. ದನಿ ಎತ್ತರಿಸಲಿಲ್ಲ, ನೆಲ ನೋಡಿಕೊಂಡೇ ಹೇಳಿದಳು. “ಎರಡೂ ಹೆಂಗ ಸರಿ ಆಗ್ತಾವ್ರಿ? ನನಗ ಮಾರ್ಕ್ಸ್ ಇರ್ಲಿಲ್ಲಾಂದ್ರೂ ನಡೀತೈತಿ. ಯಾವುದು ಸರಿ ಅಂತ ಎಲ್ಲಾರ ಮುಂದ ಹೇಳ್ರಿ. ನಾ ಆ ಪುಟ ಪೂರಾ ತಿದ್ದೇನಿ.”

ಆ ರವಿವಾರ ನಾನು ಉಳಿದ ಆರು ಶಾಲೆಗಳ ಇಂಗ್ಲಿಷ್ ಶಿಕ್ಷಕರಿಗೆ ಒಬ್ಬೊಬ್ಬರಿಗೇ ಫೋನು ಮಾಡಿದೆ. ಹನ್ನೊಂದನೇ ಪ್ರಶ್ನೆಯ ಕೀ ತಪ್ಪಾಗಿದೆ, ಅದು ಅಡ್ವರ್ಬ್, ತಪ್ಪು ನನ್ನದು, ಇಷ್ಟನ್ನೇ ಹೇಳುತ್ತಿದ್ದೆ. ಇಬ್ಬರು “ಹೌದ್ರೀ? ನೋಡೇ ಇಲ್ಲ” ಅಂದರು. ಒಬ್ಬರು ಒಪ್ಪಲಿಲ್ಲ. ‘ಹೋಮ್’ ಎಲ್ಲಿದ್ದರೂ ನೌನೇ, ಡಿಕ್ಷನರಿ ತೆಗೆದು ನೋಡ್ರಿ ಅಂದರು. ನೋಡಿ, ಅದರಲ್ಲಿ ಅಡ್ವರ್ಬ್ ಅಂತ ಇದ್ದ ಎರಡನೇ ಅರ್ಥದ ಫೋಟೋ ಕಳಿಸಿದೆ. ಅವರಿಂದ ಒಂದು ಹೆಬ್ಬೆರಳಿನ ಚಿತ್ರ ಬಂತು.

ಕೊನೆಯವರು ನನಗಿಂತ ಹಿರಿಯರು, ನಿವೃತ್ತಿಗೆ ಹತ್ತಿರ ಬಂದವರು. ಎಲ್ಲ ಕೇಳಿಸಿಕೊಂಡರು. ಆಮೇಲೆ “ನನಗ ಕೀ ನೋಡಿದ ಕೂಡ್ಲೇ ಗೊತ್ತಾಗಿತ್ತು ಟೀಚರ್” ಅಂದರು.

“ಮತ್ಯಾಕ ಹೇಳಲಿಲ್ರಿ ಸರ್?”

“ನಿಮ್ಮ ದುಃಖದಾಗ ಒಂದ ಮಾರ್ಕಿನ ಮಾತ ಹೆಂಗ ತಗೀಲಿ ಅಂತ ಸುಮ್ನಾದೆ. ಇಲ್ಲೆ ನಮ್ಮ ಶಾಲ್ಯಾಗ ನಾ ಸರಿ ಮಾಡಿಕೊಂಡೇನಿ.”

ಫೋನು ಇಟ್ಟೆ. ಅವರು ಕೆಟ್ಟದ್ದು ಮಾಡಿರಲಿಲ್ಲ. ಆದರೂ ನನಗೆ ಏನೋ ಕಂಡಂತಾಯಿತು. ಇಷ್ಟು ದಿನ ಎಲ್ಲರೂ ನನ್ನ ಸುತ್ತ ಮೆತ್ತಗೆ ನಡೆದಾಡುತ್ತ ನಾನು ಬೀಳಿಸಿದ್ದನ್ನು ನನಗೆ ಕಾಣದ ಹಾಗೆ ಎತ್ತಿಡುತ್ತಿದ್ದಾರೆ.

ಪಕ್ಕದ ಮನೆಗೆ ಹೋದೆ. ಆಪಾ ಅಕ್ಕಿ ಆರಿಸುತ್ತ ಕೂತಿದ್ದರು.

“ಆಪಾ, ನಾ ಏನೇನ ತಪ್ಪ ಮಾಡಾಕತ್ತೇನಿ? ನಿಮಗ ಗೊತ್ತಿದ್ದದ್ದು ಹೇಳ್ರಿ.”

ಅವರು ನನ್ನ ಮುಖ ನೋಡಿದರು. “ಯಾಕ ಟೀಚರ್, ಏನಾತು?”

“ಏನಿಲ್ಲ. ಹೇಳ್ರಿ.”

“ನಳ ಬಿಟ್ಟ ಹೋಗ್ತೀರಿ. ಮೂರು ಸಲ ನಾ ಬಂದ ಬಂದ್ ಮಾಡೇನಿ. ಹಾಲಿನವನ ಕಡೆ ಇನ್ನೂ ಮೊದಲಿನಂಗ ಒಂದ ಲೀಟರ್ ಹಾಕಿಸ್ಕೋತೀರಿ, ಕುಡಿಯಾಕ ಯಾರದಾರ? ಕೆಟ್ಟ ಹೋಗ್ತೈತಿ ಅಂತ ನಾ ಅರ್ಧಾ ತಗೊಂಡ ಮೊಸರು ಮಾಡಿ ನಿಮಗ ಕೊಡ್ತೇನಿ. ಹೋದ ವಾರ ಒಂದೊಂದು ಜೋಡಿದು ಒಂದೊಂದು ಚಪ್ಪಲ್ ಹಾಕ್ಕೊಂಡ ಬಸ್ಸಿಗೆ ಹೋದ್ರಿ. ಕರೀಬೇಕಂದೆ, ಬಸ್ ತಪ್ಪೀತು ಅಂತ ಸುಮ್ಮನಾದೆ.”

“ಇನ್ನ ಮ್ಯಾಲ ಕರೀರಿ” ಅಂದೆ. “ಬಸ್ ತಪ್ಪಿದ್ರೂ ಅಡ್ಡಿಯಿಲ್ಲ.”

ಮರುದಿನ ಹೆಡ್‌ಸರ್ ಕೋಣೆಗೆ ಹೋಗಿ ವಿಷಯ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಅಂಕಪಟ್ಟಿ ಎಲ್ಲಾ ಏರಿಸಿ ಆಗೈತಿ ಟೀಚರ್. ಒಂದ ಮಾರ್ಕಿಂದ ಯಾವ ಹುಡುಗನ ಭವಿಷ್ಯ ಕೆಡ್ತೈತಿ? ಆಗಿದ್ದಾತು, ಬಿಡ್ರಿ.”

“ಮಕ್ಕಳು ತಪ್ಪು ಕಲಿತಾವು ಸರ್.”

“ಹಂಗಾರ ಹದಿನಾರು ಮಕ್ಕಳದು ಒಂದೊಂದು ಮಾರ್ಕ್ಸ್ ತಗೀತೀರೇನು? ಪಾಲಕರು ಬಂದ ಕೇಳಿದ್ರ ಏನ್ ಹೇಳೂದು?”

“ನನ್ನ ಹತ್ರ ಕಳಸ್ರಿ.”

ಅವರು ಕಪಾಟಿನಿಂದ ಅಂಕಪಟ್ಟಿ ತೆಗೆದು ನನ್ನ ಮುಂದಿಟ್ಟರು. ಎದ್ದು ಹೋಗುವವಳನ್ನು ನಿಲ್ಲಿಸಿ, ಇನ್ನೊಂದು ಮಾತು ಹೇಳಲೋ ಬೇಡವೋ ಅನ್ನುವ ಹಾಗೆ ಕೆಮ್ಮಿದರು.

“ನೀವ ತಪ್ಪು ತಿದ್ದಾಕ ಬಂದೀರಿ ಅಂತ ಹೇಳ್ತೇನಿ, ತಪ್ಪ ತಿಳೀಬ್ಯಾಡ್ರಿ. ಮಕ್ಕಳ ನೋಟ್‌ಬುಕ್ಕಿನಾಗ ಸಹಿ ಕೆಳಗ ದಿನಾಂಕ ಹಾಕ್ತೀರಲ್ಲಾ, ಮೂರು ತಿಂಗಳಾತು, ನೀವು ಇನ್ನೂ ಆಗಸ್ಟ್ ಅಂತನ ಬರೀತೀರಿ. ತಪಾಸಣಿಗೆ ಯಾರರೆ ಬಂದಾರು ಅಂತ ಕೈಗೆ ಸಿಕ್ಕಷ್ಟು ನಾ ಹಸಿರು ಪೆನ್ನಿನಿಂದ ತಿದ್ದೇನಿ.”

ಆಗಸ್ಟ್ ನಮ್ಮವರು ತೀರಿಕೊಂಡ ತಿಂಗಳು. “ಆತ್ರಿ ಸರ್” ಅಂದು ಅಂಕಪಟ್ಟಿ ಹಿಡಿದು ಹೊರಗೆ ಬಂದೆ. ನಾಚಿಕೆ ಆಗಬೇಕಿತ್ತು. ಅದೂ ಅರ್ಧಮರ್ಧ ಆಯಿತು.

ಹುಡುಗಿಯ ಚಿಕ್ಕಮ್ಮ ಬಂದು ಮನೆ ನೋಡಿಕೊಳ್ಳಲು ಶುರು ಮಾಡಿದ ಮೇಲೆ ಅವಳು ಮತ್ತೆ ಶಾಲೆಗೆ ಬಂದಳು. ಅವಳು ಬರುವವರೆಗೆ ನಾನು ಆ ಪಾಠ ತೆಗೆದಿರಲಿಲ್ಲ. ಅವತ್ತು ಬೋರ್ಡಿನ ಮೇಲೆ ‘ಶೀ ವೆಂಟ್ ಸ್ಕೂಲ್’ ಅಂತ ಬರೆದೆ.

“ಸರಿ ಐತೇನು?”

ಎಲ್ಲರೂ “ಇಲ್ರಿ, ‘ಟು’ ಬೇಕ್ರಿ” ಅಂತ ಕೂಗಿದರು.

‘ಸ್ಕೂಲ್’ ಅಳಿಸಿ ‘ಹೋಮ್’ ಬರೆದೆ. “ಈಗ?”

ಮುಂದಿನ ಸಾಲಿನ ಹುಡುಗ “ಇದಕ್ಕ ‘ಟು’ ಬ್ಯಾಡ್ರಿ” ಅಂದ. ಯಾಕೆ ಬೇಡ ಅಂದೆ. ಅವನಿಗೆ ಗೊತ್ತಿರಲಿಲ್ಲ. ‘ಹೋಮ್’ ಅಳಿಸಿ ಆ ಜಾಗದಲ್ಲಿ ‘ದೇರ್’ ಬರೆದೆ. ‘ಶೀ ವೆಂಟ್ ದೇರ್.’ ಇಲ್ಲಿಯೂ ‘ಟು’ ಬೇಕಿರಲಿಲ್ಲ. ‘ದೇರ್’ ಕೂರುವ ಜಾಗದಲ್ಲಿ ಕೂತಿದೆ, ಅದು ಮಾಡುವ ಕೆಲಸವನ್ನೇ ಮಾಡುತ್ತಿದೆ, ಅದಕ್ಕೆ ಇಲ್ಲಿ ‘ಹೋಮ್’ ಅಡ್ವರ್ಬ್ ಅಂತ ಹೇಳಿದೆ. ‘ಮೈ ಹೋಮ್ ಈಸ್ ಸ್ಮಾಲ್’ ಅಂತ ಇನ್ನೊಂದು ವಾಕ್ಯ ಬರೆದು, ಇಲ್ಲಿ ಅದೇ ಶಬ್ದ ನೌನ್ ಅಂತಲೂ ಹೇಳಿದೆ. ಶಬ್ದ ನೋಡಿ ಹೇಳಬೇಡಿ, ವಾಕ್ಯದಲ್ಲಿ ಅದು ಏನು ಕೆಲಸ ಮಾಡುತ್ತಿದೆ ನೋಡಿ ಹೇಳಿ ಅಂದೆ. ಇದನ್ನು ಇಪ್ಪತ್ತು ವರ್ಷದಿಂದ ಹೇಳುತ್ತ ಬಂದಿದ್ದೇನೆ.

ಆಮೇಲೆ ಚಾಕ್‌ಪೀಸು ಕೆಳಗಿಟ್ಟು ಮಕ್ಕಳ ಕಡೆ ತಿರುಗಿದೆ.

“ಪರೀಕ್ಷಾದಾಗ ನಾ ನೌನ್ ಅಂತ ಕೀ ಬರದಿದ್ದೆ. ಅದು ತಪ್ಪು. ಇಕಿ ಒಬ್ಬಾಕಿ ಸರಿ ಬರದಿದ್ಲು, ನಾ ತಪ್ಪ ಹಾಕಿದೆ. ಇಕಿ ಬಂದ ಕೇಳಿದಾಗೂ ನೋಡಲಿಲ್ಲ. ತಪ್ಪು ನನ್ನದು.”

ಹತ್ತೊಂಬತ್ತು ಮುಖಗಳು ನನ್ನನ್ನೇ ನೋಡುತ್ತಿದ್ದವು. ಮುಂದಿನ ಸಾಲಿನ ಹುಡುಗ ಕೈ ಎತ್ತಿದ.

“ನಮ್ಮ ಮಾರ್ಕ್ಸ್ ತಗೀತೀರೇನ್ರಿ ಟೀಚರ್?”

“ನೀವ ಹೇಳ್ರಿ, ತಗೀಲೋ ಬಿಡಲೋ?”

ಅವನು ಅಕ್ಕಪಕ್ಕ ನೋಡಿ ಲೆಕ್ಕ ಹಾಕಿದ. “ತಗೀರಿ. ಎಲ್ಲಾರದೂ ಒಂದೊಂದು ಹೋದ್ರ ನಂಬರ್ ಹೆಂಗಿದ್ವೋ ಹಂಗ ಇರ್ತಾವ್ರಿ. ಇಕಿ ಒಬ್ಬಾಕಿ ಮ್ಯಾಲ ಹೋಗ್ತಾಳ, ಹೋಗ್ಲಿ.”

ಉಳಿದವರು ನಕ್ಕರು. ಅವಳು ನಗಲಿಲ್ಲ. ತಲೆ ಬಗ್ಗಿಸಿ ನೋಟ್‌ಬುಕ್ಕು ತೆಗೆದು ಸ್ಕೇಲು ಹುಡುಕುತ್ತಿದ್ದಳು. ನಾನು ಮೇಜಿನ ಮೇಲೆ ಅಂಕಪಟ್ಟಿ ಬಿಚ್ಚಿ, ಹದಿನಾರು ಹೆಸರಿನ ಮುಂದೆ ತಿದ್ದಿದೆ, ಅವಳದಕ್ಕೆ ಒಂದು ಸೇರಿಸಿದೆ. ಹೆಡ್‌ಸರ್ ಗೊಣಗಿಕೊಂಡೇ ಸಹಿ ಹಾಕಿದರು. ಪಾಲಕರು ಯಾರೂ ಬಂದು ಕೇಳಲಿಲ್ಲ.

ಅವಳೀಗ ಜೊಯಿಡಾದ ಹೈಸ್ಕೂಲಿಗೆ ಹೋಗುತ್ತಾಳೆ. ಬಸ್‌ಸ್ಟಾಪಿನಲ್ಲಿ ಸಿಕ್ಕರೆ ಯಾವುದಾದರೂ ಶಬ್ದ ಹಿಡಿದುಕೊಂಡು ಬರುತ್ತಾಳೆ. ಕೆಲವಕ್ಕೆ ಅಲ್ಲೇ ಉತ್ತರ ಹೇಳುತ್ತೇನೆ. ಕೆಲವಕ್ಕೆ ನೋಡಿ ಹೇಳ್ತೇನಿ ಅನ್ನುತ್ತೇನೆ. ತಾಯಿಯ ಕಾಲು ಕೂಡಿದೆ, ಏರು ಹತ್ತುವಾಗ ಮಾತ್ರ ನೋಯುತ್ತದಂತೆ.

ಅಳು ಬಂತೋ ಅಂತ ಕೆಲವರು ಕೇಳುತ್ತಾರೆ. ಬಂತು. ಮಾರ್ಚ್ ತಿಂಗಳ ಒಂದು ಮಧ್ಯಾಹ್ನ ಸಿಲಿಂಡರು ಖಾಲಿ ಆಯಿತು. ಹೊಸದು ಅಡಿಗೆಮನೆಯಲ್ಲೇ ಇತ್ತು. ರೆಗ್ಯುಲೇಟರು ಬದಲಿಸುವುದು ಯಾವಾಗಲೂ ಅವರ ಕೆಲಸವಾಗಿತ್ತು, ನಾನು ಒಂದು ಸಲವೂ ಮಾಡಿರಲಿಲ್ಲ. ಹಿಡಿದು ತಿರುವಿದೆ, ಕೂಡಲಿಲ್ಲ. ಮತ್ತೆ ತಿರುವಿದೆ. ಅಡಿಗೆಮನೆಯ ನೆಲದ ಮೇಲೆ ಕೂತುಬಿಟ್ಟೆ, ಆಗ ಬಂತು. ಗೋಡೆಯ ಆಚೆ ಕೇಳಿಸಿರಬೇಕು, ಆಪಾ ಓಡಿ ಬಂದರು. ಬಾಗಿಲಲ್ಲಿ ನಿಂತು ನೋಡಿದರು, ಸಮಾಧಾನ ಮಾಡಲು ಹೋಗಲಿಲ್ಲ. ಸೆರಗು ಸಿಕ್ಕಿಸಿಕೊಂಡು ರೆಗ್ಯುಲೇಟರು ಕೂರಿಸಿದರು. ಸೋಪಿನ ನೀರು ಹಚ್ಚಿ ಸೋರುತ್ತದೋ ಅಂತ ನೋಡಿದರು. ಗುಳ್ಳೆ ಬರಲಿಲ್ಲ.

“ಏಳ್ರಿ ಟೀಚರ್, ಚಾ ಇಡ್ರಿ. ನಾನೂ ಕುಡೀತೇನಿ” ಅಂದರು.

ಎದ್ದು ಪಾತ್ರೆ ತೊಳೆದು ಎರಡು ಕಪ್ಪಿನ ನೀರು ಇಟ್ಟೆ.